ಮೂವತ್ತೊಂದು ಎಂಬತ್ತಾರಾದ ವರದಿ

"ಇದು ಯಾರ ಸುಳ್ಳ್ರಿ, ಸರ್?"

ರಾಜೇಶ್ವರಿ ಫೈಲನ್ನು ಸಂಗಮೇಶನ ಮೇಜಿನ ಮೇಲೆ ಬಡಿದಳು.

ಸಿಂದಗಿಯ ಆ ಪದವಿ ಕಾಲೇಜಿನಲ್ಲಿ ಅವಳು ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಅವನು ಮುದ್ದೇಬಿಹಾಳದವನು, ಇತಿಹಾಸದ ಉಪನ್ಯಾಸಕ. ವಿದ್ಯಾರ್ಥಿಗಳು ನಿಜಕ್ಕೂ ಏನು ಕಲಿತರೆಂದು ಅಳೆದು ತೋರಿಸುವ ಹೊಸ ಪದ್ಧತಿ ಬಂದಿತ್ತು. ಅದರ ವರದಿಗಳ ಉಸ್ತುವಾರಿ ಅವನದೇ.

ಅವಳು ಒಬ್ಬೊಬ್ಬರನ್ನೂ ಮಾತಾಡಿಸಿ ಅಳೆದಿದ್ದಳು. ಇಂಗ್ಲಿಷ್ ಮಾತಾಡಬಲ್ಲವರು ನೂರಕ್ಕೆ ಮೂವತ್ತೊಂದು. ವರದಿಯಲ್ಲಿ ಎಂಬತ್ತಾರು!

"ಕೂಡ್ರಿ ಮೇಡಂ, ನಾ ಹೇಳ್ತೇನಿ..."

"ಏನ್ ಹೇಳ್ತೀರಿ? ಹೊರ್ತಿ ಊರಿಂದ ಬರೋ ಸುನೀತಾಗ ಇಂಗ್ಲಿಷಿನಾಗ ತನ್ನ ಹೆಸರು ಹೇಳಾಕ ಇನ್ನೂ ಗಂಟಲ ಒಣಗತೈತಿ. ನಿಮ್ಮ ಕಾಗದದಾಗ ಆಕಿ ಎಲ್ಲಾ ಕಲತಾಳ! ಎಲ್ಲಾರೂ ಕಲತಾರ ಅಂತ ನನ್ನ ಸಂಜಿ ಕ್ಲಾಸ್ ಬಂದ್ ಮಾಡ್ಯಾರ!"

ಸಿಟ್ಟಿಗೆ ಅವಳ ಕಣ್ಣು ತುಂಬಿದವು. ಇವನ ದನಿ ಕೇಳಿದರೆ ಸಾಕು, ಸುಮ್ಮಸುಮ್ಮನೆ ನಗು ಬರುತ್ತಿತ್ತಲ್ಲ... ಎಂಥ ಹುಚ್ಚಿ ನಾನು!

ಬಾಗಿಲು ಬಡಿದು ಹೊರಟುಹೋದಳು.

ಸೋಮವಾರ ಪರಿಶೀಲನಾ ತಂಡ ಬಂತು. ಎದ್ದು ನಿಂತು ಎಲ್ಲ ಹೇಳಿಬಿಡಬೇಕೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಸಂಗಮೇಶನೇ ಎದ್ದ.

"ಇಂಗ್ಲಿಷಿನ ಅಂಕಿ ಸುಳ್ಳು ಅದಾವ್ರಿ. ಮೇಡಂ ಬರದ ಮೂಲ ಹಾಳಿ ಇಲ್ಲೇ ಅದಾವ ನೋಡ್ರಿ. ತಿದ್ದಿದವ್ರು ಪ್ರಾಚಾರ್ಯರು. ನಾ ಸಹಿ ಮಾಡಿಲ್ಲ."

ಪ್ರಾಚಾರ್ಯ ಶಂಕ್ರೆಪ್ಪನವರ ಮುಖ ಕಪ್ಪಿಟ್ಟಿತು. ಸಂಜೆಯ ಕ್ಲಾಸು ಮತ್ತೆ ಶುರುವಾಗಬೇಕೆಂದು ತಂಡ ಅಲ್ಲೇ ಬರೆದುಕೊಟ್ಟಿತು. ಅವರ ಜೀಪು ಗೇಟು ದಾಟಿದ್ದೇ ತಡ, ಪ್ರಾಚಾರ್ಯರು ಸಂಗಮೇಶನ ಉಸ್ತುವಾರಿ ಕಿತ್ತುಕೊಂಡರು.

ರಾಜೇಶ್ವರಿ ಬೇವಿನ ಮರದ ಕೆಳಗೆ ಅವನನ್ನು ಹಿಡಿದು ನಿಲ್ಲಿಸಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಅವತ್ತ ಯಾಕ ಹೇಳಲಿಲ್ರಿ?"

"ನೀವು ನಿಂತು ಕೇಳಬೇಕಲ್ರಿ! ಆದ್ರ... ಅದಕ್ಕೂ ಮೊದಲು ನಾಕ್ ದಿನ ಗೊತ್ತಿದ್ದೂ ಅಂಜಿ ಸುಮ್ಮನ ಕುಂತಿದ್ದೆ. ಅದು ನನ್ನ ತಪ್ಪು."

"ಮತ್ತ ಇವತ್ತ ಹ್ಯಾಂಗ ಧೈರ್ಯ ಬಂತು?"

"ನಿಮ್ಮ ಕಣ್ಣಾಗ ನಾ ಸುಳ್ಳುಗಾರ ಆಗಿದ್ದೆ. ತಡ್ಕೊಳ್ಳಾಕ ಆಗಲಿಲ್ಲ... ನೀವಂದ್ರ ನನಗ ಜೀವ, ರಾಜೇಶ್ವರಿ."

ಇಷ್ಟು ದಿನ ಎದೆಯೊಳಗೆ ಬಚ್ಚಿಟ್ಟದ್ದು ಅವಳ ಕೆನ್ನೆಯ ಮೇಲೆ ಕಣ್ಣೀರಾಗಿ ಇಳಿಯಿತು.

"ನನಗೂ..." ಎಂದಳು, ಸೆರಗಿನಿಂದ ಒರೆಸಿಕೊಳ್ಳುತ್ತ.

"ನಮ್ಮವ್ವನ್ನ ಕರಕೊಂಡು ಗೊಳಸಂಗಿಗೆ ನಿಮ್ಮ ಮನಿಗೆ ಬರ್ಲೇನ್ರಿ?"

"ನಮ್ಮಪ್ಪ ಬಾಳ ಸಿಟ್ಟಿನ ಮನಷ್ಯಾ ಅದಾನ್ರಿ."

"ಮಗಳ ಸಿಟ್ಟು ನೋಡೇನಿ. ಅಪ್ಪನ್ದೇನ್ ಬಿಡ್ರಿ!"

ಅವಳು ಅಳುತ್ತಲೇ ನಕ್ಕಳು.

"ಯಾವಾಗ ಬರ್ತೀರಿ?"

"ನೀವು ಹ್ಞೂಂ ಅಂದ್ರ, ಈ ಐತವಾರನ."

"ಹ್ಞೂಂ..."