ಅಂಗೈಗೆ ಒತ್ತಿದ ಪಾದ

ಹೆಂಡತಿಯನ್ನು ಒದೆಯಬೇಕೆಂದು ಮೆಹರಬಾನು ಸಿಸ್ಟರ್ ಹೇಳಿದೊಡನೆ ಜಂಬಣ್ಣ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡ.

ಜೋರಾಗಿ ಅಲ್ಲ, ಆಕೆಯ ಅಂಗೈಗೆ ಪಾದವಿಟ್ಟು ಒತ್ತಬೇಕು, ತಾಸಿಗೆ ಹತ್ತು ಸಲ ಎಂದು ಸಿಸ್ಟರ್ ವಿವರಿಸಿ ಹೋದಳು. ಲಿಂಗಸುಗೂರಿನ ಆಸ್ಪತ್ರೆಯ ಆ ವಾರ್ಡಿನಲ್ಲಿ ಯಾರೂ ಹೇಳದೆಯೇ ಹೆಂಡತಿಯನ್ನು ಒದ್ದು ಬಂದ ಗಂಡಸರು ಹಲವರಿದ್ದರು. ಮಸ್ಕಿಯ ಬಟ್ಟೆ ಅಂಗಡಿಯ ಜಂಬಣ್ಣನಿಗೆ ಮಾತ್ರ ಡಾಕ್ಟರ ಅಪ್ಪಣೆಯಿದ್ದರೂ ಕಾಲು ಏಳಲಿಲ್ಲ.

ಹೊಟ್ಟೆಯ ಆಪರೇಷನ್ ಆಗಿ ಎರಡು ದಿನವಾಗಿತ್ತು. ಪಕ್ಕದ ಮಂಚ ಖಾಲಿಯಿತ್ತು. ಅದರಲ್ಲಿದ್ದ ಮುಕ್ಕುಂದದ ಬಸ್ಸಪ್ಪನನ್ನು ಅವನ ಮಂದಿ ಹನ್ನೊಂದು ದಿನ ಅಲುಗಾಡಗೊಡದೆ ಮಲಗಿಸಿದ್ದರು. ನಿನ್ನೆ ಎದ್ದು ನಾಲ್ಕು ಹೆಜ್ಜೆ ಇಟ್ಟವನು ಕಿಟಕಿಯ ಬಳಿ ಎದೆ ಹಿಡಿದುಕೊಂಡು ಬಿದ್ದ, ಮತ್ತೆ ಏಳಲಿಲ್ಲ. ಎದ್ದದ್ದರಿಂದ ಸತ್ತ ಎಂದು ಇಡೀ ವಾರ್ಡು ತೀರ್ಮಾನಿಸಿತು. ಮಲಗಿದ್ದರಿಂದಲೇ ಸತ್ತ, ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರಿತು ಎಂದ ಡಾಕ್ಟರನ್ನು ಯಾರೂ ನಂಬಲಿಲ್ಲ.

ಜಂಬಣ್ಣನ ಹೆಂಡತಿ ಶೇಖರಮ್ಮ ನಂಬಿದಳು. ಹೆಪ್ಪು ಹಾಕಿದ ಗಡಿಗೆಯನ್ನು ಅಲುಗಾಡಿಸಿದರೆ ಮೊಸರು ಕೂಡುವುದಿಲ್ಲವೆಂದು ಆಕೆಗೆ ಗೊತ್ತಿತ್ತು.

ಮದುವೆಯಾಗಿ ಏಳು ತಿಂಗಳು. ಅತ್ತೆಯೆದುರು ಗಂಡನೊಡನೆ ಮಾತಾಡುವುದು ಆ ಮನೆಯ ರೂಢಿಯಲ್ಲ. ಅತ್ತೆ ಎದುರಿಲ್ಲದ ಗಳಿಗೆಯೂ ಆ ಮನೆಯಲ್ಲಿರಲಿಲ್ಲ. ಈಗ ಅತ್ತೆ ಕಸ್ತೂರೆಮ್ಮ ಗಂಜಿ ತರಲು ಹೋಗಿದ್ದಳು. ಶೇಖರಮ್ಮ ಮಂಚದ ಕಾಲಬುಡದಲ್ಲಿ ಕೂತು ಅಂಗೈ ಒಡ್ಡಿದಳು.

"ಒತ್ತರಿ."

"ನಿನಗ ಹ್ಯಾಂಗ ಕಾಲು ಹಚ್ಚಲಿ?"

"ಅಂಜಿಕಿ ಆಗಾಕತ್ತೈತಿ ನನಗ. ಒತ್ತರಿ."

ಅವನು ಒತ್ತಿದ. ಅವನ ಕಾಲ್ಬೆರಳುಗಳು ತಣ್ಣಗಿದ್ದವು, ಆಕೆಯ ಅಂಗೈ ಬೆವರಿತ್ತು. ಎಣಿಕೆ ಏಳಕ್ಕೆ ಬಂದಾಗ ಅವನು ಕಳ್ಳನಂತೆ ಕಣ್ಣೆತ್ತಿದ. ಆಕೆ ನೋಡುತ್ತಲೇ ಇದ್ದಳು. ಎಣಿಕೆ ತಪ್ಪಿತು, ಮೊದಲಿನಿಂದ ಶುರುವಾಯಿತು. ಅದರ ಬಗ್ಗೆ ಇಬ್ಬರೂ ದೂರಲಿಲ್ಲ.

ಮರುದಿನ ಮುಂಜಾನೆ ಡಾಕ್ಟರು ಬಂದು, ಅವನನ್ನು ಇಂದೇ ನಡೆಸಬೇಕೆಂದು ಹೇಳಿಹೋದರು. ಕಸ್ತೂರೆಮ್ಮ ಮಗನ ಮಂಚಕ್ಕೆ ಅಡ್ಡ ನಿಂತಳು. ಬಸ್ಸಪ್ಪನೂ ಹೀಗೇ ಎದ್ದಿದ್ದ, ಹೊಲಿಗೆ ಮಾಯುವ ತನಕ ತನ್ನ ಮಗ ಏಳುವುದಿಲ್ಲ ಎಂದಳು. ಜಂಬಣ್ಣನ ಮುಖ ಬಿಳಿಚಿತ್ತು. ತಾಯಿಯ ಮಾತು ಅವನಿಗೂ ಹಿತವಾಗಿಯೇ ಕೇಳಿಸಿತು.

ಶೇಖರಮ್ಮ ತಲೆಯ ಸೆರಗು ಸರಿಮಾಡಿಕೊಂಡಳು. ಗಂಡನ ವಿಷಯದಲ್ಲಿ ಅತ್ತೆಯೆದುರು ಆಕೆ ಆಡಿದ ಮೊದಲ ಮಾತು ಅದು.

"ಅತ್ತೀ, ಹನ್ನೊಂದು ದಿನ ಕಾಲಾಗ ಹೆಪ್ಪು ಕೂಡಿದ್ದು ಅವನ್ನ ಕೊಂದೈತಿ. ಇವರಿಗಿನ್ನಾ ಮೂರನೇ ದಿನ. ದಾರಿ ಬಿಡ್ರಿ."

ಕಸ್ತೂರೆಮ್ಮ ಸೊಸೆಯನ್ನು ಮೊದಲ ಸಲ ನೋಡುವಂತೆ ನೋಡಿದಳು. ಆಮೇಲೆ ಸರಿದಳು.

ಜಂಬಣ್ಣ ಹೆಂಡತಿಯ ಹೆಗಲು ಹಿಡಿದು ಎದ್ದ. ಒಂದು ಹೆಜ್ಜೆ. ಎರಡು. ಆಕೆ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಬಸ್ಸಪ್ಪ ಬಿದ್ದ ಜಾಗದಲ್ಲಿ ಅವನು ನಿಂತ.

"ನನಗೂ ಅಂಜಿಕಿ," ಎಂದ ಪಿಸುದನಿಯಲ್ಲಿ. "ನಿನ್ನ ಕೂಡ ಇನ್ನಾ ಮಾತೇ ಆಡಿಲ್ಲ ನಾ."

"ಆಡೂಣಂತ್ರಿ. ಕಿಟಕಿ ದಾಟಿ ಬರ್ರಿ."

ದಾಟಿದರು. ಉಸಿರು ನಿಲ್ಲಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ ಬಂದರು.

ಐದನೇ ದಿನ ಅವನು ಒಬ್ಬನೇ ನಡೆದ. ಇನ್ನು ಅಂಗೈಗೆ ಒತ್ತಬೇಕಿಲ್ಲ ಎಂದಳು ಸಿಸ್ಟರ್. ಆಕೆ ಅತ್ತ ಹೋದೊಡನೆ ಹೊದಿಕೆಯಿಂದ ಒಂದು ಪಾದ ಮೆಲ್ಲಗೆ ಹೊರಬಂತು.

"ಸಾಕಂತ ಸಿಸ್ಟರ್ ಹೇಳ್ಯಾರ," ಎಂದಳು ಶೇಖರಮ್ಮ.

"ನಾ ಹೇಳೀನೇನು?"

ಆಕೆ ಬಾಗಿಲ ಕಡೆ ನೋಡಿ ಅಂಗೈ ಒಡ್ಡಿದಳು. ಅವನು ಪಾದವಿಟ್ಟ. ಈ ಸಲ ಒತ್ತಲಿಲ್ಲ.