ಹಿಡಿಯೊಳಗಿನ ಅಂಟು

ಬೆಳಗ್ಗೆ ಆರೂವರೆಗೆ ಠಾಣೆಗೆ ಬಂದ ಹೆಂಗಸಿನ ಕೈಗಳು ಮೊಣಕೈವರೆಗೂ ನೆತ್ತರಾಗಿದ್ದವು.

"ನಮ್ಮ ಮರದ ಮಿಲ್ಲಲ್ಲಿ ಯಜಮಾನರನ್ನ ಕೊಚ್ಚಿ ಹಾಕಿದಾರೆ. ನನ್ನ ತಮ್ಮನೇ ಕೊಂದ ಅಂತ ಅವನನ್ನ ಕಟ್ಟಿ ಹೊಡೀತಿದಾರೆ. ಮೊದಲು ಅವನನ್ನ ಬಿಡಿಸಿ. ಸತ್ತವರು ಕಾಯ್ತಾರೆ."

ಎಫ್‌ಐಆರ್ ದಾಖಲಿಸಲು ಹೇಳಿ ಇನ್ಸ್‌ಪೆಕ್ಟರ್ ಜೀಪು ಹತ್ತಿದರು.

ಕಂಬಕ್ಕೆ ಬಿಗಿದಿದ್ದ ತಮ್ಮನ ದವಡೆ ಒಂದು ಬದಿಗೆ ಜಾರಿತ್ತು. ಕೆಲಸಗಾರರು ಅವನ ಬೆರಳುಗಳನ್ನು ಹಲಗೆಯಿಂದ ಜಜ್ಜಿದ್ದರು. ಹಿಂದಿನ ಸಂಜೆ ಅವನು ಭಾವನಾದ ಯಜಮಾನನಿಗೆ "ಸೀಳಿಬಿಡ್ತೀನಿ" ಅಂದದ್ದನ್ನು ಎಲ್ಲರೂ ಕೇಳಿದ್ದರು. ಅವನ ಮಚ್ಚು ಮನೆಯಲ್ಲಿ ತೊಳೆದಿಟ್ಟಂತೆ ಸಿಕ್ಕಿತು.

ಪಂಚನಾಮೆಯಲ್ಲಿ ಬರೆದರು: ತಲೆಗೆ ಮೂರು ಏಟು, ಬುರುಡೆ ಒಡೆದಿದೆ, ಗಾಯದೊಳಗೆ ಕಾಳಿನಷ್ಟು ಕಂದು ಚೂರು.

"ಅರಗು ಸಾರ್," ಎಂದ ಪೇದೆ. "ಮಚ್ಚಿನ ಬಾಲಾನ ಹಿಡಿಗೆ ಕೂರಿಸೋದೇ ಅದರಲ್ಲಿ. ಏಟಿನ ರಭಸಕ್ಕೆ ಚಿಮ್ಮಿದೆ. ತಮ್ಮನ ಮಚ್ಚಲ್ಲೂ ಅರಗೇ. ಕೇಸು ಮುಗೀತು."

"ನಿನ್ನ ಕಣ್ಣನ್ನೇ ಕೋರ್ಟಿಗೆ ಕಳಿಸೋಣ್ವೇನಪ್ಪ?" ಎಂದ ಇನ್ಸ್‌ಪೆಕ್ಟರ್ ಮಿಲ್ಲಿನವರ ಮಚ್ಚುಗಳನ್ನೂ ಸೀಲು ಮಾಡಿಸಿದರು.

ಪ್ರಯೋಗಾಲಯದ ತಜ್ಞೆ ಚೂರನ್ನು ಹರಳಿನ ಮೇಲೆ ಒತ್ತಿಟ್ಟು ಅತಿಗೆಂಪು ಕಿರಣ ಹಾಯಿಸಿದಳು. ತೆರೆಯ ಮೇಲೆ ಗೆರೆಯೊಂದು ಏರಿಳಿಯುತ್ತ ಮೂಡಿತು.

"ಒಂದೊಂದು ವಸ್ತುನೂ ಈ ಬೆಳಕನ್ನ ತನ್ನದೇ ಜಾಗಗಳಲ್ಲಿ ಹೀರುತ್ತೆ. ಹೀರಿದ ಕಡೆ ಗೆರೆ ಕುಸಿಯುತ್ತೆ. ಅರಗಾದ್ರೆ ಇಲ್ಲಿ ಕುಸೀಬೇಕಿತ್ತು. ಕುಸಿದಿಲ್ಲ. ಇದು ಎಪಾಕ್ಸಿ ಅಂಟು."

"ತಮ್ಮನ ಮಚ್ಚು?"

"ಬರೀ ಅರಗು."

"ಮಿಲ್ಲಿನವು?"

"ಅವೂ ಅರಗೇ. ಒಂದರ ಹಿಡಿ ಮಾತ್ರ ಹೊಸದು. ಬಿಚ್ಚಿ ನೋಡಿದೆ. ಬಾಲದ ಮೇಲೆ, ಅರಗಿನಡಿ ಹಳೇ ಎಪಾಕ್ಸಿ ಕಚ್ಚಿಕೊಂಡಿದೆ. ಗೆರೆಗೆ ಗೆರೆ ಕೂಡ್ತು. ಅಂಟು ಯಾವುದು ಅಂತ ನಾನು ಹೇಳಬಲ್ಲೆ. ಹೊಡೆದವ ಯಾರು ಅಂತ ನೀವು ಹೇಳಬೇಕು."

ಆ ಮಚ್ಚು ಗರಗಸಕ್ಕೆ ಸಾಣೆ ಹಿಡಿಯುವವನದು. ಇನ್ಸ್‌ಪೆಕ್ಟರ್ ಅವನನ್ನು ಠಾಣೆಗೆ ಕರೆಸಿದರು.

"ಹಳೇ ಹಿಡಿ ಎಲ್ಲಿ?"

"ಒಲೆಗೆ ಹಾಕ್ದೆ."

"ಬಾಲದ ಅಂಟು ಯಾಕೆ ಕೆರೀಲಿಲ್ಲ?"

"ಒರಟಿದ್ರೆ ಅರಗು ಚೆನ್ನಾಗಿ ಹಿಡಿಯುತ್ತೆ. ನುಣುಪು ಮಾಡಿದ್ರೆ ಜಾರುತ್ತೆ. ಕೈಗೆ ರೂಢಿ ಇದ್ದಂಗೆ ಮಾಡ್ದೆ, ಸಾರ್."

"ಆ ಹೆಂಗಸಿನ ತಮ್ಮನನ್ನ ಮೊದಲು ಕಂಬಕ್ಕೆ ಕಟ್ಟಿದ್ದೂ ನೀನೇ ಅಲ್ವಾ?"

ಅವನು ಎರಡೂ ಕೈ ಮುಂದೆ ಚಾಚಿದ. ಕೈಕೋಳ ಬಿತ್ತು. ಅಕ್ಕನಿಗೆ ಪೇದೆಯೇ ಹೋಗಿ ತಿಳಿಸಿದ. ಅವಳು ಆಸ್ಪತ್ರೆಯಲ್ಲಿ ತಮ್ಮನಿಗೆ ಗಂಜಿ ಕುಡಿಸುತ್ತಿದ್ದಳು, ಚಮಚ ಕೆಳಗಿಡಲಿಲ್ಲ.

ಕೆಲಸ ಬೇಗ ಸಾಗಲೆಂದು ಯಜಮಾನ ಗರಗಸದ ಮುಚ್ಚಳ ತೆಗೆಸಿದ್ದ. ಅದಕ್ಕೆ ಸಿಕ್ಕಿ, ಅಲ್ಲೇ ಕೆಲಸಕ್ಕಿದ್ದ ಸಾಣೆಯವನ ಮಗಳ ಬಲಗೈ ಬೆರಳುಗಳು ಹೋದವು. ಹೇಳಿಕೆಯ ಕೊನೆಯಲ್ಲಿ ಅವನು ಹೀಗೆಂದ:

"ಮದುವೆ ಉಂಗುರದ ಚಿಂತೆ ತಪ್ತು ಬಿಡು ಅಂದ ಯಜಮಾನ, ಸಾರ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಗಳು ಅಲ್ಲೇ ನಿಂತಿದ್ಲು."