ಮೂರು ಪೆಟ್ಟು

ಸೊಕ್ಕೆ ಊರಿನ ಬಯಲಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ಆಗ ನಾನು ಲೈನ್‌ಮನ್ ತರಬೇತಿಯಲ್ಲಿದ್ದೆ. ಕಲಿಸುತ್ತಿದ್ದವರು ಹಿರಿಯ ಲೈನ್‌ಮನ್ ಗನಿಸಾಬರು. ಅವರದೊಂದು ಪದ್ಧತಿಯಿತ್ತು. ಅಕ್ಕಪಕ್ಕದ ಕಂಬಗಳನ್ನು ಹತ್ತಿದವರು ಕಟಿಂಗ್ ಪ್ಲೇಯರ್‌ನಿಂದ ಕಂಬಕ್ಕೆ ಕುಟ್ಟಿ ಮಾತಾಡಬೇಕು. ಒಂದು ಪೆಟ್ಟು ಬಿದ್ದರೆ ತಂತಿ ಮುಟ್ಟಬಹುದು, ಮೂರು ಬಿದ್ದರೆ ಮುಟ್ಟಬಾರದು.

ಅಂದು ಮಟಮಟ ಮಧ್ಯಾಹ್ನ ಲೈನ್ ಬಂದ್ ಮಾಡಿಸಿದ್ದೆವು. ಮುಂದಿನ ಕಂಬ ನನ್ನ ಜೊತೆಗಾರ ಶಾಹಿದ್‌ನದು. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಗನಿಸಾಬರು ಟೆಸ್ಟರ್ ಹಿಡಿದು ನೋಡುವ ಮೊದಲೇ ನಾನು ಅವಸರದಿಂದ ಹತ್ತಿಬಿಟ್ಟೆ. ಅಂಥ ಬಿಸಿಲಲ್ಲೂ ಸಿಮೆಂಟಿನ ಕಂಬ ಬಾವಿಯ ನೀರಿನಂತೆ ತಣ್ಣಗಿತ್ತು. ತಂತಿಗೆ ಕೈ ಚಾಚಿದೆ.

ಠಣ್, ಠಣ್, ಠಣ್.

ಮುಂದಿನ ಕಂಬದ ಕಡೆಯಿಂದ ಬಂದ ಆ ಸದ್ದಿಗೆ ಹಲ್ಲುಗಳೂ ಜುಮ್ಮೆಂದವು. ಕೈ ಹಿಂದೆಳೆದುಕೊಂಡು ಇಳಿದುಬಂದೆ.

“ಯಾಕಲೇ, ಹತ್ತಾಕೆ ಇದ್ದ ಅವಸರ ಇಳಿಯಾಕೂ ಐತೇನು?” ಎಂದರು ಗನಿಸಾಬರು.

“ಶಾಹಿದ್ ಮೂರು ಕುಟ್ಟಿದ, ಚಾಚಾ.”

“ನಾನೆಲ್ಲಿ ಕುಟ್ಟಿದ್ನೋ ಮಾರಾಯ? ಇನ್ನೂ ಬೆಲ್ಟೇ ಕಟ್ಟಿಲ್ಲ!” ಶಾಹಿದ್ ನನ್ನ ಬೆನ್ನ ಹಿಂದೆಯೇ ನಿಂತಿದ್ದ.

ಗನಿಸಾಬರು ಉದ್ದ ಕೋಲಿನ ಟೆಸ್ಟರನ್ನು ತಂತಿಗೆ ಮುಟ್ಟಿಸಿದರು. ದೀಪ ಹೊತ್ತಿತು. ಯಾರದೋ ಜನರೇಟರಿನ ಕರೆಂಟು ತಿರುಗಿ ತಂತಿಗೆ ಹರಿಯುತ್ತಿತ್ತು.

“ಹೆಂಗಿತ್ತು ಸದ್ದು?” ಎಂದು ಗನಿಸಾಬರು ಕೇಳಿದರು.

“ಟೊಳ್ಳು ಕಬ್ಬಿಣಕ್ಕೆ ಕುಟ್ಟಿದಂಗಿತ್ತು. ಆಮೇಲೂ ಬಾಳ ಹೊತ್ತು ಗುಂಯ್ ಅಂತಿತ್ತು.”

ಅವರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು, ಮುಂದಿನ ಕಂಬದ ಕಡೆ ನೋಡುತ್ತ ನಿಂತುಬಿಟ್ಟರು.

ಅಲ್ಲಿಂದ ಜಗಳೂರಿನವರೆಗೂ ಆ ಸಾಲಿನ ಕಂಬಗಳೆಲ್ಲ ಸಿಮೆಂಟಿನವು. ಕಬ್ಬಿಣದವನ್ನು ನಾನು ಹುಟ್ಟುವ ಮೊದಲೇ ಕಿತ್ತು ಒಯ್ದಿದ್ದರು.